ಕೊಟ್ರಬಸಪ್ಪನ ಕಂಪ್ಯೂಟರಿಗೆ ಅಮಾವಾಸ್ಯೆ ಪೂಜೆ

ಮೂವತ್ತು ವರ್ಷ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತವನಿಗೆ ಮನುಷ್ಯರನ್ನೂ ಥಾನಿನ ಹಾಗೆ ಬಿಚ್ಚಿ ನೋಡುವ ಚಾಳಿ ಬಂದುಬಿಡುತ್ತದೆ. ಸುಂಕಮ್ಮನನ್ನು ಮೊದಲ ಸಲ ಕಂಡಾಗ ನಾನು ಮನಸ್ಸಿನಲ್ಲೇ ಬರೆದುಕೊಂಡ ಚೀಟಿ ಹೀಗಿತ್ತು: ಮಾಲು ಒರಟು, ಬಣ್ಣ ಹೋಗಿದೆ, ಅಗಲ ಕಡಿಮೆ, ಅಂಚು ಎಳೆ ಬಿಟ್ಟಿದೆ. ಗಿರಾಕಿ ತಾನಾಗಿ ಕೇಳಿದರೆ ಕೊಡಬಹುದು. ನಾವಾಗಿ ತೆಗೆದು ತೋರಿಸುವ ಸರಕಲ್ಲ. ಅರವತ್ತರ ಹತ್ತಿರದ ವಯಸ್ಸು, ಐದಡಿಗೆ ಒಂದು ಗೇಣು ಕಡಿಮೆ ಎತ್ತರ, ಸೊಂಟದಲ್ಲಿ ಎಲೆಯಡಿಕೆಯ ಚೀಲ, ಮಡಿಲಲ್ಲಿ ದಾರದ ಉಂಡೆ. ಓದು ಬರಹ ಇಲ್ಲ. ತುಂಡು ಬಟ್ಟೆಯ ರಾಶಿಗೆ ಹಾಕಿ ಮರೆತುಬಿಟ್ಟೆ.

ಆ ಬೆಲೆ ಕಟ್ಟುವಾಗ ನಾನು ಎಷ್ಟು ತಪ್ಪಿದೆ ಎಂಬುದನ್ನು ಕಡೆಗೆ ಹೇಳುತ್ತೇನೆ. ಮೊದಲು ನನಗಿಂತ ದೊಡ್ಡ ತಪ್ಪು ಮಾಡಿದವನ ಕತೆ ಹೇಳಬೇಕು. ಪಕ್ಕದಲ್ಲಿ ದೊಡ್ಡದು ಇಟ್ಟರೆ ನಮ್ಮದು ಸಣ್ಣದಾಗಿ ಕಾಣುತ್ತದೆ. ಇದು ವ್ಯಾಪಾರದ ಮೊದಲ ಪಾಠ.

ಅವನು ಕೊಟ್ರಬಸಪ್ಪ. ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ, ಮನೆಯ ಹಿಂದಿನ ಶೆಡ್ಡಿನಲ್ಲಿ ಎಂಟು ಹೊಲಿಗೆ ಮಷೀನು. ಸಾಲೆಯ ಮಕ್ಕಳಿಗೆ ಸಮವಸ್ತ್ರ ಹೊಲಿಸಿ ಕೊಡುವುದು ಕೆಲಸ. ಬಟ್ಟೆ ನನ್ನ ಅಂಗಡಿಯದೇ. ಅವನನ್ನೂ ತೂಗುವುದಾದರೆ, ಅಗಲ ಪೂರ್ತಿ, ಹೊಳಪು ಜೋರು, ಆದರೆ ಗಂಜಿ ವಿಪರೀತ. ಮೊದಲ ಒಗೆತಕ್ಕೆ ಅರ್ಧ ತೂಕ ಇಳಿಯುವ ಮಾಲು. ಆ ಒಗೆತ ಎಂಬತ್ತೊಂಬತ್ತನೆಯ ಇಸವಿಯ ತನಕ ಬಿದ್ದಿರಲಿಲ್ಲ, ಅಷ್ಟೇ.

ಆ ವರ್ಷ ಕುರುಗೋಡಿನ ಒಂದು ಸಾಲೆಯಿಂದ ಅವನಿಗೆ ಮುನ್ನೂರ ನಲವತ್ತು ಜೊತೆ ಸಮವಸ್ತ್ರದ ಕೆಲಸ ಸಿಕ್ಕಿತ್ತು. ಐದರಿಂದ ಎಂಟನೆಯ ತರಗತಿ, ಒಂದೊಂದಕ್ಕೆ ಎಂಬತ್ತೈದು ಮಕ್ಕಳು. ಆಗಸ್ಟ್ ಹದಿನೈದಕ್ಕೆ ಧ್ವಜ ಏರುವಾಗ ಎಲ್ಲರ ಮೈಮೇಲೂ ಹೊಸ ಬಟ್ಟೆ ಇರಬೇಕು. ಒಂದೇ ಒಂದು ಮಗು ಹಳೆಯ ಅಂಗಿಯಲ್ಲಿ ನಿಂತರೂ ಮುಂದಿನ ವರ್ಷದಿಂದ ಕೆಲಸ ಹೊಸಪೇಟೆಯವರಿಗೆ ಎಂದು ಸಾಲೆಯ ಕಮಿಟಿಯವರು ಬಾಯಿಬಿಟ್ಟು ಹೇಳಿದ್ದರು. ಆ ಒಂದು ಸಾಲೆ ಕೈಬಿಟ್ಟರೆ ಎಂಟರಲ್ಲಿ ಐದು ಮಷೀನು ಮೂಲೆ ಸೇರುತ್ತವೆ. ಅವುಗಳ ಮುಂದೆ ಕೂರುವ ಐದು ಜನರೂ.

ಅಳತೆ ತೆಗೆಯುವವಳು ಸುಂಕಮ್ಮ. ಅವಳಿಗೆ ಟೇಪು ಬೇಡ, ಪೆನ್ಸಿಲ್ ಬೇಡ. ಒಂದು ಮಗುವಿಗೆ ಒಂದು ದಾರ, ದಪ್ಪನೆಯ ನೂಲಿನದು. ದಾರದ ತಲೆಯಲ್ಲಿ ಹಾಜರಿ ನಂಬರು: ಹತ್ತಕ್ಕೊಂದು ದಪ್ಪ ಗಂಟು, ಬಿಡಿಗೊಂದು ಸಣ್ಣ ಗಂಟು. ಅಲ್ಲಿಂದ ಕೆಳಗೆ ಮೊದಲ ಗಂಟಿನವರೆಗೆ ಸೊಂಟ, ಎರಡನೆಯದರವರೆಗೆ ಎದೆ, ಮೂರನೆಯದರವರೆಗೆ ಉದ್ದ. ಹುಡುಗ ಎಷ್ಟೇ ಕುಣಿದಾಡಲಿ, ಅವಳ ಬೆರಳು ಗಂಟು ಹಾಕಿ ಮುಗಿಸಿರುತ್ತಿತ್ತು. ಇಪ್ಪತ್ತು ವರ್ಷ ಕಟರ್‌ಗಳು ಆ ದಾರಗಳನ್ನು ಬಟ್ಟೆಯ ಮೇಲೆ ಹಾಸಿ ಕತ್ತರಿ ಓಡಿಸಿದ್ದರು.

ಕೊಟ್ರಬಸಪ್ಪನಿಗೆ ಇದು ನಾಚಿಕೆಯಾಗತೊಡಗಿದ್ದು ಬೆಂಗಳೂರಿಗೆ ಹೋಗಿಬಂದ ಮೇಲೆ. ಅಲ್ಲಿ ಯಾವುದೋ ವಸ್ತು ಪ್ರದರ್ಶನದಲ್ಲಿ ಕಂಪ್ಯೂಟರ್ ಕಂಡ. ಕಂಡವನು ಕೊಂಡೇ ಬಂದ. ಹೊಟ್ಟೆಯೊಳಗೇ ನೆನಪಿಟ್ಟುಕೊಳ್ಳುವ ಜಾತಿಯದು ದುಬಾರಿಯಂತೆ. ಇವನು ತಂದದ್ದು ಫ್ಲಾಪಿ ಎಂಬ ಕರಿ ಚೌಕದ ಮೇಲೆ ನೆನಪಿಡುವ ಜಾತಿ. ಫ್ಲಾಪಿ ಹೊರಗೆ ತೆಗೆದರೆ ಯಂತ್ರಕ್ಕೆ ತನ್ನ ಹೆಸರೂ ಗೊತ್ತಿಲ್ಲ. ಅದನ್ನು ಮನೆಯ ನಡುಕೋಣೆಯಲ್ಲಿ ಪ್ರತಿಷ್ಠಾಪಿಸಿ, ಬಂದವರೆಲ್ಲ ಚಪ್ಪಲಿ ಹೊರಗೆ ಬಿಡಬೇಕೆಂದು ಕಾನೂನು ಮಾಡಿದ. ಬಳ್ಳಾರಿಯ ಬಿಸಿಲಿಗೆ ಅದರ ತಲೆ ಕೆಡಬಾರದೆಂದು ಒಂದು ಕೂಲರ್ ತಂದು ಅದರ ಮುಖಕ್ಕೆ ತಿರುಗಿಸಿದ. ಸ್ವಿಚ್ ಹಾಕಿದ ದಿನ ನನ್ನನ್ನೂ ಕರೆಸಿದ್ದ. ಎದೆ ಉಬ್ಬಿಸಿ ಘೋಷಣೆ ಮಾಡಿದ:

"ಇವತ್ತಿನಿಂದ ನಮ್ಮ ಮನ್ಯಾಗ ಒಂದು ಅಳತಿ ಕಳಿಯಂಗಿಲ್ಲ ಉಜ್ಜಿನಪ್ಪ. ಇದು ಮರಿಯೂ ಪೈಕಿ ಅಲ್ಲ."

ಅವನ ಹೆಂಡತಿ ಗುರುಬಸಮ್ಮ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಒಲೆಯ ಮುಂದಿನಿಂದ ಎದ್ದು ಬಂದ ಮುಖ. ಬೆವರು ಗದ್ದದಿಂದ ಇಳಿಯುತ್ತಿತ್ತು.

"ಇಪ್ಪತ್ತಾರು ವರ್ಷ ಆತು, ನಾನೂ ಏನೂ ಮರತಿಲ್ಲ," ಎಂದಳು. "ನನಗ್ಯಾರೂ ಕೂಲರ್ ತರಲಿಲ್ಲ."

ಮುಂದಿನ ಹನ್ನೊಂದು ದಿನ ಕೊಟ್ರಬಸಪ್ಪ ಬಲಗೈಯ ತೋರುಬೆರಳೊಂದರಿಂದಲೇ ಮುನ್ನೂರ ನಲವತ್ತು ಮಕ್ಕಳನ್ನು ಒಳಗೆ ಸೇರಿಸಿದ. ಎದುರು ಕೂತ ಸುಂಕಮ್ಮ ಒಂದೊಂದೇ ದಾರವನ್ನು ಟೇಪಿನ ಮೇಲೆ ಎಳೆದು ಹಿಡಿಯುವುದು, ಇವನು ಇಂಚು ಓದಿ ಗುಂಡಿ ಒತ್ತುವುದು. ಎಲ್ಲ ಮುಗಿದ ಮೇಲೆ ಇನ್ನೊಂದು ಫ್ಲಾಪಿಗೆ ಅದರ ಕಾಪಿಯನ್ನೂ ಮಾಡಿದ. ಒಂದು ಸಲ ಕಾಗದದ ಮೇಲೆ ಅಚ್ಚು ಹಾಕಿಸಿಡು ಮಾರಾಯ ಎಂದು ಕಟರ್ ಹೇಳಿದ್ದಕ್ಕೆ, ಕಾಗದ ಹರಿಯುತ್ತದೆ, ಇಲಿ ತಿನ್ನುತ್ತದೆ, ಕಂಪ್ಯೂಟರನ್ನು ಯಾವ ಇಲಿ ತಿಂದೀತು ಎಂದು ಕೇಳಿದ.

ಹನ್ನೊಂದನೆಯ ಸಂಜೆ ಸುಂಕಮ್ಮನ ಮುಂದೆ ದಾರಗಳ ನಾಲ್ಕು ಕಟ್ಟು ಬಿದ್ದಿದ್ದವು. ಇವನ್ನೇನು ಮಾಡಲಿ ಎಂದು ಅವಳು ಕೇಳಿದಳು. ಕೊಟ್ರಬಸಪ್ಪ ಅಲ್ಲೇ ಕೂತಿದ್ದ ನನ್ನ ಮುಖ ನೋಡಿದ. ನಾನು ಎಲೆಗೆ ಸುಣ್ಣ ಹಚ್ಚುತ್ತ, "ಒಗಿ ಅತ್ಲಾಗ, ಕಸದ ಬುಟ್ಟಿ ಖಾಲಿ ಐತಿ," ಎಂದೆ. ಇಬ್ಬರೂ ನಕ್ಕೆವು. ಇನ್ನು ಮುಂದೆ ಅಳತೆಗೆ ತಾನೇ ಟೇಪು ಹಿಡಿದು ಹೋಗುತ್ತೇನೆ, ನೀನು ಮಗಳ ಮನೆಯಲ್ಲಿ ಆರಾಮಾಗಿ ಇದ್ದುಬಿಡು ಎಂದು ಅವನು ಉದಾರವಾಗಿ ಹೇಳಿದ. ಕೆಲಸ ಬಿಡಿಸಿದ್ದೇನೆ ಎನ್ನುವುದಕ್ಕೆ ಅದು ಗಂಜಿ ಹಾಕಿದ ಮಾತು.

ಸುಂಕಮ್ಮ ನಗಲಿಲ್ಲ, ಅಳಲೂ ಇಲ್ಲ. ನಾಲ್ಕೂ ಕಟ್ಟನ್ನು ಸೆರಗಿಗೆ ಕಟ್ಟಿಕೊಂಡಳು. "ಮಕ್ಕಳ ಅಳತಿ ಐತ್ರಿ ಧಣಿ. ಕಸದಾಗ ಹಾಕಬಾರ್ದು," ಎಂದಷ್ಟೇ ಹೇಳಿ ಸಿರುಗುಪ್ಪದ ಬಸ್ಸು ಹತ್ತಿದಳು. ಅಲ್ಲಿ ಅವಳ ಮಗಳು ಬಾಣಂತಿ.

ಆಗಸ್ಟ್ ಒಂದನೆಯ ತಾರೀಖು ಮಂಗಳವಾರ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಕೊಟ್ರಬಸಪ್ಪನ ಮನೆಯಲ್ಲಿ ಕಸುಬಿನ ಸಾಮಾನಿಗೆಲ್ಲ ಪೂಜೆ. ಕತ್ತರಿ, ಇಸ್ತ್ರಿ ಪೆಟ್ಟಿಗೆ, ಟೇಪು, ಗಜಕೋಲು, ನೆಲಕ್ಕೆ ಬಿದ್ದ ಸೂಜಿಗಳನ್ನು ಗುಡಿಸಿ ಎತ್ತುವ ಆಯಸ್ಕಾಂತ, ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆಯುವುದು. ಹಾಗೆ ಪೂಜೆಗೆ ಇಟ್ಟದ್ದನ್ನು ಮರುದಿನ ಬೆಳಗಿನ ತನಕ ಕದಲಿಸಬಾರದು. ಈ ಸಲ ಸಾಲಿನ ತಲೆಗೆ ಕಂಪ್ಯೂಟರ್ ಕೂತಿತ್ತು. ಫ್ಲಾಪಿಗಳೂ ಪೂಜೆ ಕಾಣಲಿ ಎಂದು ಕೊಟ್ರಬಸಪ್ಪ ಡಬ್ಬಿಯಿಂದ ಅವನ್ನು ಹೊರತೆಗೆದು ಮಣೆಯ ಮೇಲೆ ಇಟ್ಟ. ಅಸಲು ಕೆಳಗೆ, ಕಾಪಿ ಮೇಲೆ.

ಕೂಲರ್ ಬೀಸುತ್ತಿತ್ತು. ಫ್ಲಾಪಿಗಳು ಹಪ್ಪಳದಷ್ಟು ಹಗುರ; ಎರಡು ಸಲ ಹಾರಿ ಹೋಗಿ ಆರತಿ ತಟ್ಟೆಯ ಹತ್ತಿರ ಬಿದ್ದವು. ದೇವರ ಮುಂದೆ ಇಂಥ ಚಂಚಲತೆ ಸರಿಯಲ್ಲವೆಂದು ಅವನು ಅವುಗಳ ಮೇಲೆ ಇಡಲು ಏನಾದರೂ ಭಾರದ್ದು ಹುಡುಕಿದ. ತೆಂಗಿನಕಾಯಿ ಉರುಳುತ್ತಿತ್ತು. ಕತ್ತರಿ ಇಟ್ಟರೆ ಅಪಶಕುನ. ಕೈಗೆ ಸಿಕ್ಕಿದ್ದು, ಅಂಗೈ ಅಗಲದ್ದು, ಕಲ್ಲಿನಷ್ಟು ಭಾರದ್ದು ಒಂದೇ. ಅದನ್ನೆತ್ತಿ ಎರಡೂ ಫ್ಲಾಪಿಗಳ ನೆತ್ತಿಗೆ ಇಟ್ಟ. ಫ್ಲಾಪಿಗಳು ಅಲುಗಾಡಲಿಲ್ಲ. ಕೊಟ್ರಬಸಪ್ಪ ಕಣ್ಣುಮುಚ್ಚಿ ಕೈಮುಗಿದ. ಗುರುಬಸಮ್ಮ ಒಂದು ಹಿಡಿ ಅಕ್ಷತೆ ತೆಗೆದುಕೊಂಡು, ಕಂಪ್ಯೂಟರಿನ ಮುಖದಲ್ಲಿ ಬಾಯಿ ಯಾವುದೆಂದು ನೋಡಿ, ಅಲ್ಲಿಗೆ ಸರಿಯಾಗಿ ಹಾಕಿದಳು.

ಬುಧವಾರ ಬೆಳಗ್ಗೆ ಕಟರ್ ಕತ್ತರಿ ಹಿಡಿದು ಬಂದು ನಿಂತ. ಕೊಟ್ರಬಸಪ್ಪ ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಅಂಗಿ ಹಾಕಿ, ಮಣೆಯ ಮೇಲಿನ ಸಾಮಾನೆಲ್ಲ ಎತ್ತಿಟ್ಟು, ಫ್ಲಾಪಿ ಹಾಕಿ ಸ್ವಿಚ್ ಒತ್ತಿದ. ಯಂತ್ರ ಗರ್ರ್ ಎಂದಿತು. ಆಮೇಲೆ ಜೋಳ ಬೀಸುವ ಕಲ್ಲಿನ ಹಾಗೆ ಒಂದು ಸದ್ದು ಮಾಡಿತು. ಆಮೇಲೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಯಿತು. ಅವನು ಆರಿಸಿ ಹಚ್ಚಿದ. ಅದೇ ಸಾಲು. ಕೂಲರ್ ಜೋರು ಮಾಡಿದ. ಅದೇ ಸಾಲು. ಬೆನ್ನು ತಟ್ಟಿದ, ಪಕ್ಕೆಗೆ ಗುದ್ದಿದ, ಅಂಗಿಯ ತುದಿಯಿಂದ ಮುಖ ಒರೆಸಿದ. ಹನ್ನೊಂದನೆಯ ಸಲಕ್ಕೆ ಆ ಸಾಲೂ ಬರಲಿಲ್ಲ.

ಕೌಲ್ ಬಜಾರಿನಿಂದ ಚಿದಾನಂದಪ್ಪನನ್ನು ಕರೆಸಲಾಯಿತು. ರೇಡಿಯೋ, ಟೀವಿ ಬಿಚ್ಚುತ್ತಿದ್ದವನು, ಈಚೆಗೆ ಕಂಪ್ಯೂಟರನ್ನೂ ಬಿಚ್ಚುತ್ತಿದ್ದ. ಬಂದವನೇ ತಿರುಪು ತೆಗೆದು, ಫ್ಲಾಪಿ ನುಂಗುವ ಬಾಯಿಯನ್ನು ಹೊರಗೆಳೆದು, ಒಂದು ಕಾಗದದ ಮೇಲೆ ಬೋರಲು ಹಾಕಿ ತಟ್ಟಿದ. ಅರಿಸಿನದ ಅಕ್ಕಿ ಕಾಳು ಉದುರಿದವು. ಒಟ್ಟು ಹದಿನೇಳು.

"ಸಾವ್ಕಾರ್ರೆ, ಇದಕ್ಕ ಯಾರು ಉಣಿಸ್ಯಾರ?"

ಕೊಟ್ರಬಸಪ್ಪ ಹೆಂಡತಿಯ ಕಡೆ ತಿರುಗಿದ. ಹನ್ನೊಂದು ದಿನದ ತೋರುಬೆರಳಿನ ಕಷ್ಟ, ಐದು ಮಷೀನುಗಳ ಭವಿಷ್ಯ, ಕುರುಗೋಡಿನಲ್ಲಿ ಹೋಗಲಿರುವ ಮಾನ, ಎಲ್ಲವನ್ನೂ ಅವಳ ತಲೆಗೆ ಕಟ್ಟಿ ಸುಮಾರು ಕಾಲು ಗಂಟೆ ಮಾತಾಡಿದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಗುರುಬಸಮ್ಮ, ತಾನು ಅವನ ಸ್ಕೂಟರಿಗೂ ಪ್ರತಿ ಅಮಾವಾಸ್ಯೆ ಅಕ್ಷತೆ ಹಾಕುತ್ತೇನೆ, ಅದು ಓಡುತ್ತದೆ, ಎಂದಳು.

ಅಷ್ಟರಲ್ಲಿ ಚಿದಾನಂದಪ್ಪ ಯಂತ್ರ ಜೋಡಿಸಿ, ತನ್ನ ಚೀಲದ ಫ್ಲಾಪಿ ಹಾಕಿ ಹಚ್ಚಿದ. ಕಂಪ್ಯೂಟರ್ ಪಿಳಪಿಳನೆ ಕಣ್ಣು ಬಿಟ್ಟಿತು. ಕೊಟ್ರಬಸಪ್ಪನಿಗೆ ಹೋದ ಜೀವ ಬಂತು. ಕುರುಗೋಡಿನ ಬಸವಣ್ಣನಿಗೆ ನೂರೊಂದು ಕಾಯಿ ಎಂದು ಅಲ್ಲೇ ಹರಕೆ ಹೊತ್ತ. ಆಮೇಲೆ ಅಳತೆಯ ಫ್ಲಾಪಿ ಹಾಕಿದರು. ಗರ್ರ್ ಎಂದಿತು. ಚಿದಾನಂದಪ್ಪ ತೆಗೆದು ನೋಡಿ, ಕಾಪಿ ಹಾಕಿದ. ಅದೂ ಗರ್ರ್ ಎಂದಿತು.

"ಇದರಾಗ ಏನೂ ಇಲ್ರಿ."

"ಏನೂ ಇಲ್ಲ ಅಂದ್ರ?"

"ಸ್ಲೇಟು ಒರಿಸಿದಂಗ ಐತಿ. ಮುನ್ನೂರ ನಲವತ್ತಲ್ಲ, ಒಂದು ಕೂಸೂ ಇಲ್ಲ. ಇದನ್ನ ಆಯಸ್ಕಾಂತದ ಹತ್ರ ಏನಾದ್ರೂ ಇಟ್ಟಿದ್ರ್ಯಾ?"

ಕೊಟ್ರಬಸಪ್ಪನ ಕಣ್ಣು ಮೆಲ್ಲಗೆ ಮಣೆಯ ಕಡೆ ಹೋಯಿತು. ಹಳೆಯ ಲೌಡ್‌ಸ್ಪೀಕರಿನಿಂದ ಕಿತ್ತ ಆ ದುಂಡು ಕಲ್ಲು ಬೆಳಗ್ಗೆ ತಾನೇ ಎತ್ತಿಟ್ಟ ಜಾಗದಲ್ಲಿ, ಹಣೆಗೆ ವಿಭೂತಿ, ನೆತ್ತಿಗೆ ಮಲ್ಲಿಗೆ ಹೊತ್ತು, ಬೆನ್ನಿಗೆ ನಾಲ್ಕು ಸೂಜಿ ಅಂಟಿಸಿಕೊಂಡು ಪರಮಶಾಂತಿಯಿಂದ ಕೂತಿತ್ತು.

"ಅಕ್ಕಿ ಹಾಕಿದಾಕಿ ನಾನು," ಎಂದಳು ಗುರುಬಸಮ್ಮ. "ಭಾರ ಹೇರಿದವರು ಯಾರ್ರಿ?"

ಕಾಲು ಗಂಟೆಯ ಭಾಷಣಕ್ಕೆ ಇಷ್ಟೇ ಉತ್ತರ. ಅವಳು ಅಡುಗೆಮನೆಗೆ ಹೋದಳು. ಅಲ್ಲಿಂದ ರೊಟ್ಟಿ ತಟ್ಟುವ ಸದ್ದು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಕೇಳುತ್ತಿತ್ತು.

ಚಿದಾನಂದಪ್ಪ ಹೋಗುವ ಮುನ್ನ ಸಮಾಧಾನ ಹೇಳಲೆಂದು ಕೂತು, ಗಾಯಕ್ಕೆ ಉಪ್ಪು ಹಾಕಿದ. ಕಾಪಿ ಎಂದರೆ ಅಸಲಿನ ಮೇಲೆ ಕೂರಿಸುವುದಲ್ಲ, ಬೇರೆ ಮನೆಯಲ್ಲಿ ಇಡುವುದು. ಒಂದು ಮನೆಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಿ ಉಳಿಯಬೇಕು. ಇದು ಸಣ್ಣ ಹುಡುಗರಿಗೂ ಗೊತ್ತು. ಅಳಿಸಿಹೋದದ್ದನ್ನು ಹಿಂದಕ್ಕೆ ತರಿಸುವವರು ಯಾರಾದರೂ ಇದ್ದರೆ ಬೆಂಗಳೂರಿನಲ್ಲಿ ಇರಬಹುದು, ಇದ್ದರೆ ಒಂದು ತಿಂಗಳು ಹಿಡಿಯಬಹುದು, ಹಿಡಿದರೂ ಬರುತ್ತದೆಂದು ಹೇಳಲಾಗದು, ಎಂದ.

ಆ ಇಡೀ ದಿನ ಕೊಟ್ರಬಸಪ್ಪ ಕಂಪ್ಯೂಟರಿನ ಎದುರು ಸತ್ತವರ ಮನೆಯಲ್ಲಿ ಕೂತಂತೆ ಕೂತ. ತಾನೇ ಒತ್ತಿದ ಅಂಕಿಗಳಲ್ಲವೇ, ನೆನಪಾಗಬಹುದು ಎಂದು ಕಾಗದ ಹಿಡಿದ. ಐದನೆಯ ತರಗತಿ, ನಂಬರು ಒಂದು, ಸೊಂಟ ಇಪ್ಪತ್ತೊಂದು. ಅದನ್ನು ಒಂಬತ್ತು ಸಲ ತಪ್ಪು ಒತ್ತಿದ್ದರಿಂದ ನೆನಪಿತ್ತು. ಮುಂದಿನ ಮುನ್ನೂರ ಮೂವತ್ತೊಂಬತ್ತು ಮಕ್ಕಳ ಸೊಂಟಗಳು ಅವನ ಕಣ್ಣ ಮುಂದೆ ಹೊಗೆಯ ಹಾಗೆ ಸುಳಿದು ಹೋದವು. ಕಟರ್ ಬಂದು, ಶನಿವಾರ ಬಟ್ಟೆಗೆ ಕತ್ತರಿ ಬೀಳದಿದ್ದರೆ ಹದಿನೈದಕ್ಕೆ ಮುಗಿಯುವುದಿಲ್ಲ ಎಂದು ಬಾಗಿಲಲ್ಲೇ ಹೇಳಿ ಹೋದ.

ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಅವನು ಟೇಪು ಜೇಬಿಗಿಟ್ಟುಕೊಂಡು ಕುರುಗೋಡಿಗೆ ಹೋದ. ಕಂಪ್ಯೂಟರ್ ಕೆಟ್ಟಿದ್ದನ್ನು ಹೇಳಬಾರದು, ಮಕ್ಕಳು ಬೆಳೆದಿರುತ್ತಾರೆ, ಇನ್ನೊಮ್ಮೆ ಪರೀಕ್ಷೆ ಮಾಡಲು ಬಂದೆ ಎನ್ನಬೇಕು ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ. ಅದನ್ನು ಒಪ್ಪಿಸಲು ಯಾರೂ ಸಿಗಲಿಲ್ಲ. ಸಾಲೆಗೆ ಬೀಗ. ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ ಜವಾನ ಉಚ್ಚೆಂಗೆಪ್ಪ ಹೇಳಿದ:

"ಪಂಚಮಿ ಸೂಟಿ ಬಿಟ್ಟಾರಲ್ರಿ. ಬುಧವಾರ ಬರ್ರಿ. ಹುಡುಗ್ರೆಲ್ಲ ಅವ್ವನ ತೌರಿಗೆ ಉಂಡಿ ತಿನ್ನಾಕ ಹೋಗ್ಯಾವು."

ಬುಧವಾರವೆಂದರೆ ಒಂಬತ್ತನೆಯ ತಾರೀಖು. ಉಳಿಯುವುದು ಆರು ದಿನ. ಅದರಲ್ಲಿ ಮುನ್ನೂರ ನಲವತ್ತು ಜೊತೆ ಹೊಲಿಯಬೇಕೆಂದರೆ ಮಷೀನುಗಳ ಜೊತೆ ದೇವತೆಗಳೂ ಕೂರಬೇಕು.

ಸಿಕ್ಕಷ್ಟಾದರೂ ಸಿಗಲಿ ಎಂದು ಕೊಟ್ರಬಸಪ್ಪ ಓಣಿಗಿಳಿದ. ಮೂರು ಹುಡುಗರು ಲಗೋರಿ ಆಡುತ್ತಿದ್ದರು. ಹಿಡಿದು ನಿಲ್ಲಿಸಿ, ಒಬ್ಬೊಬ್ಬನಿಗೆ ಪೆಪ್ಪರ್‌ಮಿಂಟು ಕೊಟ್ಟು, ಸೊಂಟ, ಎದೆ, ಉದ್ದ ಬರೆದುಕೊಂಡ. ಮೂರನೆಯವನ ಎದೆಗೆ ಟೇಪು ಸುತ್ತಿರುವಾಗ ಒಳಗಿಂದ ಬಂದ ಅಜ್ಜಿಯೊಬ್ಬಳು ಮೊಮ್ಮಗನನ್ನು ಯಾಕೆ ಅಳೆಯುತ್ತಿದ್ದೀಯೆಂದು ಬಾಗಿಲ ಅಗುಳಿ ಕೈಯಲ್ಲಿ ಹಿಡಿದೇ ಕೇಳಿದಳು. ಸಮವಸ್ತ್ರಕ್ಕೆ ಎಂದು ಸಾಲೆಯ ಹೆಸರು ಹೇಳಿದ. ಹುಡುಗರು ಮುಖ ಮುಖ ನೋಡಿಕೊಂಡರು. ಮೂವರೂ ಆ ಸಾಲೆಯವರಲ್ಲ.

ಸಂಜೆ ಮನೆಗೆ ಬಂದವನು ಊಟದ ತಟ್ಟೆಯ ಮುಂದೆ ಸುಮ್ಮನೆ ಕೂತ. ರೊಟ್ಟಿ ಒಣಗಿತು. ಗುರುಬಸಮ್ಮ ಇನ್ನೊಂದು ಬಿಸಿ ರೊಟ್ಟಿ ಹಾಕಿ, ಎರಡು ದಿನದಿಂದ ಬಾಯಿಯ ತುದಿಗೆ ಇಟ್ಟು ಕಾಯುತ್ತಿದ್ದ ಮಾತನ್ನು ಬಡಿಸಿದಳು.

"ಸುಂಕಮ್ಮ ಸಿರುಗುಪ್ಪದಾಗ ಅದಾಳ."

ಅದು ಅವನಿಗೆ ಗೊತ್ತಿರಲಿಲ್ಲವೇ? ಬುಧವಾರ ಬೆಳಗ್ಗೆಯಿಂದ ಗೊತ್ತಿತ್ತು. ಗೊತ್ತಿದ್ದದ್ದನ್ನು ನೋಡದ ಹಾಗೆ ಮುಖ ತಿರುಗಿಸಿಕೊಂಡೇ ಕುರುಗೋಡಿನ ತನಕ ಹೋಗಿಬಂದಿದ್ದ. ಯಾವ ಬಾಯಿಂದ ನಕ್ಕನೋ ಅದೇ ಬಾಯಿಂದ ಕೊಡು ಎನ್ನುವುದು ಹೇಗೆ? ಅವಳು ಎಂದೋ ಎಸೆದಿರುತ್ತಾಳೆ, ಎಂದ.

"ಒಗಿಯಾಕಿ ಆಗಿದ್ರ ಒಗಿ ಅಂದಾಗ ಇಲ್ಲೇ ಒಗೀತಿದ್ಲು. ಮುಂಜಾನಿ ಬಸ್ಸಿಗೆ ಹೋಗ್ರಿ. ಬರಿಗೈಲಿ ಹೋಗಬ್ಯಾಡ್ರಿ, ಬಾಣಂತಿ ಮನಿ."

ಶುಕ್ರವಾರ ಮಧ್ಯಾಹ್ನ ಕೊಟ್ರಬಸಪ್ಪ ಒಂದು ಕೈಯಲ್ಲಿ ಕೊಬ್ಬರಿ, ಇನ್ನೊಂದು ಕೈಯಲ್ಲಿ ಬೆಲ್ಲ ಹಿಡಿದು ಸಿರುಗುಪ್ಪದ ಕಾಲುವೆ ಬದಿಯ ಓಣಿಯಲ್ಲಿ ಬಗ್ಗಿ ಒಂದು ಸಣ್ಣ ಬಾಗಿಲು ದಾಟಿದ. ಒಳಗೆ ತೊಟ್ಟಿಲು ತೂಗುತ್ತ ಸುಂಕಮ್ಮ ಕೂತಿದ್ದಳು. ಅವನು ಬಾಯಿ ತೆರೆಯುವುದಕ್ಕೆ ಮೊದಲೇ ತುಟಿಗೆ ಬೆರಳಿಟ್ಟಳು. ಕೂಸಿಗೆ ಈಗಷ್ಟೇ ಜೊಂಪು ಹತ್ತಿತ್ತು. ಕೊಬ್ಬರಿ ಬೆಲ್ಲ ತೆಗೆದುಕೊಂಡು, ತೊಟ್ಟಿಲ ಒಂದು ಹಗ್ಗವನ್ನು ಅವನ ಕೈಗೆ ಕೊಟ್ಟು, ಒಳಗೆ ಮಗಳಿಗೆ ಕೊಟ್ಟು ಬರಲು ಎದ್ದು ಹೋದಳು. ಎಂಟು ಮಷೀನು, ಒಂದು ಕಂಪ್ಯೂಟರ್, ಒಂದು ಕೂಲರಿನ ಒಡೆಯ ನೆಲದ ಮೇಲೆ ಕೂತು ತೂಗತೊಡಗಿದ. ಕೈ ನಿಂತರೆ ಕೂಸು ಮುಖ ಕಿವುಚುತ್ತಿತ್ತು. ಅವನು ನಿಲ್ಲಿಸುವ ಹಾಗಿರಲಿಲ್ಲ.

ಬಹಳ ಹೊತ್ತಿನ ಮೇಲೆ ಬಂದು ಎದುರು ಕೂತ ಸುಂಕಮ್ಮ, ಬೀಗರ ಯೋಗಕ್ಷೇಮ ವಿಚಾರಿಸುವವಳ ಹಾಗೆ ತಗ್ಗಿದ ದನಿಯಲ್ಲಿ ಕೇಳಿದಳು:

"ಕಂಪ್ಯೂಟ್ರು ಆರಾಮ ಐತ್ರ್ಯಾ ಧಣಿ?"

ಕೊಟ್ರಬಸಪ್ಪ ಎಲ್ಲವನ್ನೂ ಹೇಳಿದ. ಅಕ್ಕಿ ಹೇಳಿದ, ಆಯಸ್ಕಾಂತ ಹೇಳಿದ, ಅಗುಳಿ ಹಿಡಿದ ಅಜ್ಜಿಯನ್ನೂ ಬಿಡಲಿಲ್ಲ. ಕೂಸು ಏಳಬಾರದೆಂದು ಎಲ್ಲವನ್ನೂ ಪಿಸುಮಾತಿನಲ್ಲೇ ಹೇಳಬೇಕಾಗಿತ್ತು. ಪಿಸುಮಾತಿನಲ್ಲಿ ಯಾರಿಗೂ ಬಡಾಯಿ ಕೊಚ್ಚಲು ಬರುವುದಿಲ್ಲ. ಸುಂಕಮ್ಮ ನಗುತ್ತಾಳೆಂದು ಕಾದ. ನಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅವಳು ನಗಲಿಲ್ಲ.

"ಆ ದಾರ ಏನಾದ್ವು ಸುಂಕಮ್ಮ?" ಎಂದು ಕಡೆಗೂ ಕೇಳಿದ.

"ಎಲ್ಲೂ ಹೋಗಿಲ್ರಿ. ಇಲ್ಲೇ ಅದಾವು." ಅವಳು ತೊಟ್ಟಿಲ ನಾಲ್ಕು ಮೂಲೆಗೂ ಬೆರಳು ತೋರಿಸಿದಳು. "ಇದು ಐದನೇದು. ಇದು ಆರನೇದು. ಅದು ಏಳನೇದು. ನೀವು ಹಿಡಕಂಡೀರಲ್ಲ, ಅದು ಎಂಟನೇದು."

ಕೊಟ್ರಬಸಪ್ಪ ತಲೆ ಎತ್ತಿ ನೋಡಿದ. ಜಂತಿಯ ಕೊಂಡಿಯಿಂದ ತೊಟ್ಟಿಲಿಗೆ ಇಳಿದ ನಾಲ್ಕೂ ಹಗ್ಗ ಜಡೆ ಹೆಣೆದ ನೂಲಿನವು. ಮೈತುಂಬ ಗಂಟು. ಎಂಬತ್ತೈದು ಎಳೆಗೆ ಒಂದು ಹಗ್ಗ, ಒಂದು ಹಗ್ಗಕ್ಕೆ ಒಂದು ತರಗತಿ. ಒಂದು ತಾಸಿನಿಂದ ಅವನು ತೂಗುತ್ತಿದ್ದದ್ದು ತನ್ನದೇ ಕಳೆದುಹೋದ ಮುನ್ನೂರ ನಲವತ್ತು ಮಕ್ಕಳನ್ನು.

ಮನೆಯಲ್ಲಿ ಹಗ್ಗ ಇರಲಿಲ್ಲ, ದಾರ ಇತ್ತು, ಎಂದಳು ಸುಂಕಮ್ಮ. ಮಕ್ಕಳ ಅಳತೆಯನ್ನು ಕಸಕ್ಕೆ ಹಾಕಬಾರದು, ಬೆಂಕಿಗೆ ಹಾಕಬಾರದು; ತೊಟ್ಟಿಲಿಗೆ ಕಟ್ಟಿದರೆ ಅಷ್ಟೂ ಮಕ್ಕಳ ಆಯುಷ್ಯ ಕೂಸಿಗೆ ತಗಲುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. ಹೆಣೆಯುವಾಗ ತರಗತಿ ಕಲೆಯದ ಹಾಗೆ ನೋಡಿಕೊಂಡದ್ದು ಯಾಕೆ ಎಂದರೆ, ಸುಮ್ಮನೆ, ಕೈಗೆ ರೂಢಿ. ಬೇರೆ ಮನೆ, ಬೇರೆ ಊರು. ಚಿದಾನಂದಪ್ಪ ಹೇಳಿದ ಕಾಪಿ ಇದೇ ಅಲ್ಲವೇ ಎಂದು ಕೊಟ್ರಬಸಪ್ಪನಿಗೆ ಹೊಳೆಯಿತು.

ಹಗ್ಗ ಬಿಚ್ಚಬೇಕೆಂದರೆ ಕೂಸನ್ನು ಎತ್ತಬೇಕು. ಕೊಟ್ರಬಸಪ್ಪನೇ ಎತ್ತಿಕೊಂಡ. ಸುಂಕಮ್ಮ ಕೊಂಡಿ ಕಳಚಿ, ಒಂದೊಂದು ಹಗ್ಗಕ್ಕೂ ಒಂದೊಂದು ಬಣ್ಣದ ಚಿಂದಿ ಕಟ್ಟಿ ಮುಗಿಸುವ ತನಕ ಕೂಸು ಅವನ ಎದೆಯ ಮೇಲೆ, ಇಸ್ತ್ರಿ ಮಡಿಕೆ ಮುರಿಯದ ಬಿಳಿ ಅಂಗಿಯ ಮೇಲೆ ಮಲಗಿತ್ತು. ಎಂಟನೆಯ ತರಗತಿ ಬಿಚ್ಚುವ ಹೊತ್ತಿಗೆ ಅದು ತನ್ನ ಕೆಲಸ ಮುಗಿಸಿತು. ಗಲ್ಲದಿಂದ ಸೊಂಟದವರೆಗೆ ಅಂಗಿ ಬೆಚ್ಚಗೆ ಒದ್ದೆಯಾಯಿತು. ನಾನು ಹೇಳಿದ್ದೆನಲ್ಲ, ಮೊದಲ ಒಗೆತ. ಆ ಹೊತ್ತಿಗೆ ಗಂಜಿ ಪೂರ್ತಿ ಇಳಿಯಿತು.

"ತೊಟ್ಲಿಗೆ ಹಗ್ಗ?" ಎಂದು ಒಳಗಿನಿಂದ ಬಾಣಂತಿ ಕೇಳಿದಳು.

ಗಂಜಿ ಇಳಿದರೂ ವ್ಯಾಪಾರಿ ವ್ಯಾಪಾರಿಯೇ. ಕೊಟ್ರಬಸಪ್ಪ ತನ್ನ ಶಲ್ಯವನ್ನು ಜೋಳಿಗೆ ಕಟ್ಟಿಕೊಳ್ಳಲು ಬಿಚ್ಚಿಕೊಟ್ಟು ಹೇಳಿದ: "ಬಟ್ಟಿ ಅಂಗಡಿ ಉಜ್ಜಿನಪ್ಪ ಸಾವ್ಕಾರ್ರು ಹೊಸ ಹಗ್ಗ ಕಳಸ್ತಾರವ್ವ. ದಾರ ಒಗಿ ಅಂದವರು ಅವರ."

ಕಡೆಯ ಬಸ್ಸು ಹೊರಡುವುದರಲ್ಲಿತ್ತು. ನಾಲ್ಕೂ ಹಗ್ಗವನ್ನು ಎದೆಗವುಚಿಕೊಂಡು ಅವನು ಓಡಿದ. ಹಿಂದಿನಿಂದ ಸುಂಕಮ್ಮ ಏನೋ ಕೂಗಿ ಹೇಳಿದಳು. ಅವನು ತಿರುಗದೆ ಕೈ ಬೀಸಿ ಬಸ್ಸು ಹತ್ತಿದ.

ಶನಿವಾರ ಬೆಳಗಿನಿಂದ ಪಾರ್ವತಿನಗರದ ಆ ನಡುಕೋಣೆಯಲ್ಲಿ ಗಂಡ, ಹೆಂಡತಿ, ಕಟರ್ ಮೂವರೂ ಕೂತು ಜಡೆ ಬಿಚ್ಚಿದರು. ಕೊಟ್ರಬಸಪ್ಪ ಮತ್ತೆ ಕಂಪ್ಯೂಟರಿನ ಕಡೆ ನೋಡಿದಾಗ ಗುರುಬಸಮ್ಮ ಅದರ ಪ್ಲಗ್ಗನ್ನೇ ಕಿತ್ತು, ಆ ಜಾಗಕ್ಕೆ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸಿದಳು. ದಾರವನ್ನು ಹಿಂದಿನ ಹಾಗೆ ನೇರ ಬಟ್ಟೆಯ ಮೇಲೆ ಹಾಸಿ ಕತ್ತರಿ ಓಡಿಸಿದರು. ಪಂಚಮಿಯ ದಿನವೂ ಮಷೀನು ನಿಲ್ಲಲಿಲ್ಲ. ಹದಿನಾಲ್ಕರ ಸಂಜೆ ಮುನ್ನೂರ ನಲವತ್ತನೆಯ ಜೊತೆಗೆ ಕಡೆಯ ಗುಂಡಿ ಬಿತ್ತು.

ಹದಿನೈದರಂದು ಧ್ವಜ ಏರಿತು. ಹೊಸ ಬಟ್ಟೆಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಕೊಟ್ರಬಸಪ್ಪ ದೂರದಿಂದ ನೋಡಿದ. ಬಟ್ಟೆ ಎಲ್ಲರಿಗೂ ದೊಗಳೆ. ಒಬ್ಬಿಬ್ಬರಿಗಲ್ಲ, ಐದರಿಂದ ಎಂಟರವರೆಗೆ ಒಂದೇ ಸಮನೆ, ಸುಮಾರು ಒಂದಿಂಚು. ಸೆಲ್ಯೂಟು ಹೊಡೆಯುವಾಗ ಹಲವರು ಇನ್ನೊಂದು ಕೈಯಿಂದ ಸೊಂಟ ಹಿಡಿದುಕೊಂಡಿದ್ದರು. ಹೆಡ್‌ಮಾಸ್ತರು ಕರೆ ಕಳಿಸಿದಾಗ ಹೊಸಪೇಟೆಯವರ ಮುಖ ಕಣ್ಣ ಮುಂದೆ ಬಂತು. ಹೋದ. ಹೆಡ್‌ಮಾಸ್ತರು ಕಮಿಟಿಯವರ ಎದುರಿಗೇ ಅವನ ಕೈ ಹಿಡಿದು, ಪ್ರತಿ ವರ್ಷ ಬಟ್ಟೆ ಒಂದು ಒಗೆತಕ್ಕೆ ಕುಗ್ಗಿ ತಾಯಂದಿರು ಬಂದು ಜಗಳಾಡುತ್ತಿದ್ದರು, ಈ ಸಲ ಅದನ್ನೆಲ್ಲ ಮುಂದಾಲೋಚಿಸಿ ಸಡಿಲ ಬಿಟ್ಟು ಹೊಲಿಸಿದ್ದೀರಿ, ಬೆಳೆಯುವ ಮಕ್ಕಳು, ಎರಡು ವರ್ಷ ಬರುತ್ತದೆ, ಮುಂದಿನ ವರ್ಷವೂ ನೀವೇ, ಎಂದರು. ಕೊಟ್ರಬಸಪ್ಪ ಕೈಮುಗಿದು, ಏನೋ ಅನುಭವರಿ, ಎಂದ.

ಆ ಅನುಭವದ ಅರ್ಥ ಶ್ರಾವಣ ಮುಗಿಯುವ ಮುಂಚೆ ಸುಂಕಮ್ಮನೇ ಬಂದು ಬಿಡಿಸಿದಳು. ಗುರುಬಸಮ್ಮ ಹೇಳಿಕಳಿಸಿದ್ದಕ್ಕೆ ಬಂದಿದ್ದಳು. ನಾನೂ ಅಲ್ಲಿದ್ದೆ. ಕೊಟ್ರಬಸಪ್ಪ ತನ್ನ ಮುಂದಾಲೋಚನೆಯ ಕತೆಯನ್ನು ಮೂರನೆಯ ಸಲ ಹೇಳುತ್ತಿದ್ದ. ಅವಳು ಎಲೆಗೆ ಅಡಿಕೆ ಇಟ್ಟು ಮಡಿಸುತ್ತ ಹೇಳಿದಳು:

"ಕೂಸಿನ ಜೋಡಿ ಅದರಕ್ಕನೂ ಏರಿ ಕುಂದರ್ತಿದ್ಲು ಧಣಿ. ಎಳಿ ಒಂದಿಂಚು ಜಗ್ಯಾವು, ಕಳದು ಹಿಡೀರಿ ಅಂತ ಕೂಗಿದ್ನಲ್ಲ. ನೀವು ಕೈ ಬೀಸಿದ್ರಿ."

ಕೊಟ್ರಬಸಪ್ಪ ನಾಲ್ಕನೆಯ ಸಲ ಆ ಕತೆ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಶೆಡ್ಡಿನ ಗೋಡೆಯ ಮೇಲೆ ಮೊಳೆಗೊಂದರಂತೆ ದಾರದ ಕಟ್ಟುಗಳು ತೂಗುತ್ತವೆ. ಅವುಗಳ ಜೋಡಿ ಕಟ್ಟು ಸುಂಕಮ್ಮನ ಮನೆಯಲ್ಲಿರುತ್ತದೆ. ಒಂದು ಮಗುವಿಗೆ ಈಗ ಅವಳು ಎರಡು ದಾರಕ್ಕೆ ಒಟ್ಟಿಗೇ ಗಂಟು ಹಾಕುತ್ತಾಳೆ. ಕಂಪ್ಯೂಟರೂ ಇದೆ. ಅಮಾವಾಸ್ಯೆಗೆ ಅದಕ್ಕೆ ದೂರದಿಂದ ನಮಸ್ಕಾರ ಮಾತ್ರ. ಕೂಲರ್ ಅಡುಗೆಮನೆಯಲ್ಲಿದೆ.

ಆ ಒಂದಿಂಚಿಗಾಗಿ ನನ್ನ ಅಂಗಡಿಯಿಂದ ಎರಡು ಥಾನು ಬಟ್ಟೆ ಹೆಚ್ಚಿಗೆ ಹೋಗಿತ್ತು. ತುಂಡು ಬಟ್ಟೆಯೆಂದು ನಾನು ಮೂಲೆಗೆ ಹಾಕಿದ ಹೆಂಗಸಿನ ಮನೆಯ ಕೂಸು ತೂಗಿದ ಲಾಭ ಅದು. ಹಗ್ಗ ಕೊಡುತ್ತೇನೆಂದು ಮಾತು ಕೊಟ್ಟವನು ನಾನಲ್ಲ. ದಾರ ಒಗೆ ಎಂದವನು ನಾನೇ.

ಸುಂಕಮ್ಮನಿಗೆ ನಾನು ತೊಟ್ಟಿಲಿನ ನಾಲ್ಕು ಹಗ್ಗ ಕೊಡುವುದಿದೆ.